ಹಂಚಿನ ಮೇಲೆ ಹಸಿರು ತಗಡು

"ಗುರುಗಳೇ, ನಾನೊಂದು ತಪ್ಪು ಮಾಡಿದ್ದೆ. ಹೋಗಿ ಒಪ್ಪಿಕೊಂಡೆ. ಅವರು ಕ್ಷಮಿಸಿದರು. ಆದರೂ ಮನಸ್ಸು ಹಗುರಾಗಲಿಲ್ಲ. ಯಾಕೆ?" ಎಂದು ಶಿಷ್ಯ ಕೇಳಿದ.

ಯಾವ ತಪ್ಪು ಎಂದು ಗುರು ಕೇಳಲಿಲ್ಲ. ಯಾರು ಕ್ಷಮಿಸಿದರು ಎಂದೂ ಕೇಳಲಿಲ್ಲ. ಶಿಷ್ಯ ಎಲ್ಲವನ್ನೂ ಹೇಳಲು ಸಿದ್ಧನಾಗಿಯೇ ಬಂದಿದ್ದ. ಕೇಳದೆ ಇದ್ದದ್ದರಿಂದ ಅವನಿಗೆ ಕೊಂಚ ಗಲಿಬಿಲಿಯಾಯಿತು.

"ಕೂತುಕೋ" ಎಂದರು ಗುರು. ಅವನು ಕೂತ ಮೇಲೆ ಹೇಳತೊಡಗಿದರು.

ಒಂದು ವಿಶ್ವವಿದ್ಯಾಲಯ. ಅಲ್ಲಿ ಒಬ್ಬ ಉಗ್ರಾಣದವನಿದ್ದ. ಹೊಸ ವಸ್ತು ಏನೇ ಬಂದರೂ ಮೊದಲು ಅವನ ಕೈಗೆ ಬರುತ್ತಿತ್ತು. ಅವನು ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದು ನಂಬರ್ ಬರೆಯುತ್ತಿದ್ದ. ಕುರ್ಚಿಗೊಂದು, ಫ್ಯಾನಿಗೊಂದು, ಕಂಪ್ಯೂಟರಿಗೊಂದು. ಅದೇ ವಸ್ತು ಹಾಳಾದಾಗ ಮರಳಿ ಬರುವುದೂ ಅವನಲ್ಲಿಗೇ. ಒಂದು ಸಮಿತಿ ಬಂದು ನೋಡಿ, ಇದು ಇನ್ನು ಉಪಯೋಗಕ್ಕಿಲ್ಲ ಎಂದು ಸಹಿ ಹಾಕುತ್ತಿತ್ತು. ಆಗ ಅವನು ಒಂದು ಮೊಳೆ ತೆಗೆದುಕೊಂಡು, ತಾನೇ ಬರೆದ ನಂಬರನ್ನು ತಾನೇ ಕೆರೆದು ಹಾಕುತ್ತಿದ್ದ. ನಂಬರ್ ಹೋದ ಮೇಲೆ ಅದು ವಿಶ್ವವಿದ್ಯಾಲಯದ್ದಲ್ಲ. ಹಾಗಾದರೆ ಯಾರದು ಎಂದು ಕೇಳುವ ಪ್ರಸಂಗ ಯಾರಿಗೂ ಬಂದಿರಲಿಲ್ಲ.

ಉಗ್ರಾಣವನ್ನು ಗುಡಿಸಲು ಒಬ್ಬ ಹೆಂಗಸು ಬರುತ್ತಿದ್ದಳು. ಅವಳ ಹೆಸರು ಫಕ್ಕೀರವ್ವ. ವಿಶ್ವವಿದ್ಯಾಲಯದ ಹಿಂದಿನ ಗೋಡೆಯ ಆಚೆ ಒಂದು ಓಣಿ. ಗುಡಿಸುವವರೆಲ್ಲ ಆ ಓಣಿಯವರು. ಕಚೇರಿಯ ಗುಮಾಸ್ತರು ಅವಳ ಕೈಯಿಂದ ನೀರು ತೆಗೆದುಕೊಳ್ಳುತ್ತಿರಲಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಾಯಾರಿಕೆ ಇಲ್ಲ ಎನ್ನುತ್ತಿದ್ದರು. ಅವಳಿಗೂ ಅದು ಅರ್ಥವಾಗುತ್ತಿತ್ತು.

ಉಗ್ರಾಣದವನು ಮಾತ್ರ ಹಾಗಿರಲಿಲ್ಲ. ಒಂದು ದಿನ ಅವನು ಬುತ್ತಿ ಮರೆತು ಬಂದಿದ್ದ. ಅವಳು ತನ್ನ ಗಂಟು ಬಿಚ್ಚಿ ಒಂದು ಜೋಳದ ರೊಟ್ಟಿ ಕೊಟ್ಟಳು. ಕೊಡುವಾಗ ಅವಳ ಕೈ ಅರ್ಧದಲ್ಲಿ ನಿಂತಿತು. ಅವನು ಕೈ ಮುಂದೆ ಚಾಚಿ ತೆಗೆದುಕೊಂಡ. ತಿಂದ. ಮರುದಿನ ಅವಳು ಒಂದು ರೊಟ್ಟಿ ಹೆಚ್ಚಿಗೆ ತಂದಳು. ಆಮೇಲೆ ಆರು ವರ್ಷ ಅದು ತಪ್ಪಲಿಲ್ಲ. ಗುಮಾಸ್ತರು ಅವನನ್ನು ಛೇಡಿಸುತ್ತಿದ್ದರು. "ಏನ್ರೀ ಸ್ಟೋರಿನವರ, ಇವತ್ತ ನಿಮ್ಮ ಬೀಗರ ಮನಿ ಪಲ್ಯ ಏನು?" ಎನ್ನುತ್ತಿದ್ದರು. ಅವನು ನಗುತ್ತಿದ್ದ. ಒಳಗೊಳಗೆ ಅವನಿಗೆ ಹೆಮ್ಮೆಯಿತ್ತು. ತಾನು ಇವರಂಥವನಲ್ಲ ಎಂಬ ಹೆಮ್ಮೆ.

ಫಕ್ಕೀರವ್ವನಿಗೆ ಒಬ್ಬಳು ಮೊಮ್ಮಗಳು. ಹುಲಿಗೆವ್ವ. ಮೂರು ವರ್ಷದ ಕೂಸು. ಅಜ್ಜಿ ಗುಡಿಸುವಾಗ ಒಮ್ಮೊಮ್ಮೆ ಅದೂ ಬಂದು ಉಗ್ರಾಣದ ಬಾಗಿಲಲ್ಲಿ ಕೂರುತ್ತಿತ್ತು. ಉಗ್ರಾಣದವನು ಹಳೆಯ ಫ್ಯಾನುಗಳನ್ನು ತೋರಿಸಿ ಎಣಿಸಲು ಹೇಳಿಕೊಡುತ್ತಿದ್ದ. ಅದು ಒಂದು, ಎರಡು, ನಾಕು ಎನ್ನುತ್ತಿತ್ತು. ಮೂರು ಎಲ್ಲಿ ಹೋಯಿತು ಎಂದು ಅವನು ಕೇಳಿದರೆ ನಗುತ್ತಿತ್ತು. ಮತ್ತೆ ಒಂದು, ಎರಡು, ನಾಕು.

ಒಂದು ವರ್ಷ ವಿಶ್ವವಿದ್ಯಾಲಯಕ್ಕೆ ದೂರದಿಂದ ತಪಾಸಣೆಯವರು ಬರುವುದೆಂದಾಯಿತು. ಅವರು ಬರುವಷ್ಟರಲ್ಲಿ ಆವರಣ ಶುದ್ಧವಾಗಬೇಕು. ಹಳೆಯ ಕಂಪ್ಯೂಟರುಗಳು ಮೂರು ಕೋಣೆ ತುಂಬಿದ್ದವು. ಸಮಿತಿ ಒಂದೇ ದಿನದಲ್ಲಿ ಎಲ್ಲಕ್ಕೂ ಸಹಿ ಹಾಕಿತು. ಉಗ್ರಾಣದವನು ನಾಲ್ಕು ದಿನ ಕೂತು ನಂಬರ್ ಕೆರೆದ.

ಇಂಥ ವಸ್ತುಗಳನ್ನು ಸಾಮಾನ್ಯ ಗುಜರಿಯವರಿಗೆ ಕೊಡುವಂತಿರಲಿಲ್ಲ. ಅವುಗಳಲ್ಲಿ ವಿಷವಿದೆ. ಅವನ್ನು ಒಡೆಯುವುದಕ್ಕೆಂದೇ ಬೇರೆ ಕಾರ್ಖಾನೆ ಇದೆ. ಅಲ್ಲಿಗೇ ಕಳಿಸಬೇಕು, ತಲುಪಿತು ಎಂದು ಅಲ್ಲಿಂದ ಕಾಗದ ಬರಬೇಕು. ಉಗ್ರಾಣದವನಿಗೆ ಇದು ತಿಳಿದಿತ್ತು. ಆ ವಿಷಯಕ್ಕೆ ವಿಶ್ವವಿದ್ಯಾಲಯದಲ್ಲೇ ಒಂದು ದಿನದ ತರಬೇತಿ ನಡೆದಿತ್ತು. ಕಂಪ್ಯೂಟರಿನ ಹಸಿರು ಬೋರ್ಡಿನ ಮೇಲೆ ಬೆಸುಗೆ ಇರುತ್ತದೆ, ಬೆಸುಗೆಯಲ್ಲಿ ಸೀಸ ಇರುತ್ತದೆ, ಅದು ದೊಡ್ಡವರಿಗಿಂತ ಮೊದಲು ಮಕ್ಕಳ ತಲೆಗೆ ಏರುತ್ತದೆ ಎಂದು ಅಲ್ಲಿ ಹೇಳಿದ್ದರು. ಅವನು ಅದನ್ನು ಬರೆದುಕೊಂಡಿದ್ದ. ಊಟದ ನಂತರ ಎಲ್ಲರೂ ತೂಕಡಿಸುತ್ತಿದ್ದರು. ಬರೆದುಕೊಂಡವನು ಅವನೊಬ್ಬನೇ.

ಲಾರಿ ತಂದ ಗುತ್ತಿಗೆದಾರ ಎರಡು ಕಾಗದ ಮುಂದಿಟ್ಟ. ಒಂದು, ಸಾಮಾನು ಹೊರಟಿತು ಎಂಬ ಕಾಗದ. ಇನ್ನೊಂದು, ಸಾಮಾನು ಕಾರ್ಖಾನೆಗೆ ತಲುಪಿದ್ದು ಖಚಿತವಾಗಿದೆ ಎಂಬ ಕಾಗದ.

"ಇದು ತಲುಪಿದ ಮ್ಯಾಲ ಹಾಕೋ ಸಹಿ ಅಲ್ಲೇನು?" ಎಂದು ಉಗ್ರಾಣದವನು ಕೇಳಿದ.

"ಹೌದ್ರಿ ಸಾಹೇಬ್ರ. ಆದ್ರ ಕಾರ್ಖಾನಿ ಎಲ್ಲೈತಿ, ನಾವೆಲ್ಲದೀವಿ? ಕಾಗದ ತಿರುಗಿ ಬರೂದಕ್ಕ ತಿಂಗಳಾದೀತು. ನಿಮ್ಮ ತಪಾಸಣಿ ಬರೂ ವಾರ. ಎಲ್ಲಾ ಕಡೆ ಎರಡೂ ಕೂಡೇ ಹಾಕತಾರ್ರಿ. ನಾ ಏನು ಸಾಮಾನು ಹೊತ್ತಕೊಂಡು ಓಡಿಹೋಗತೀನೇನು?"

ಎಲ್ಲಾ ಕಡೆ ಹಾಗೆಯೇ ನಡೆಯುತ್ತಿತ್ತು. ಅದು ಸುಳ್ಳಲ್ಲ. ಉಗ್ರಾಣದವನು ಎರಡಕ್ಕೂ ಸಹಿ ಹಾಕಿದ.

ಲಾರಿ ಮುಂದಿನ ಗೇಟಿನಿಂದ ಹೊರಗೆ ಹೋಯಿತು. ಗೋಡೆಯನ್ನು ಸುತ್ತಿ ಹಿಂದಿನ ಓಣಿಗೆ ಬಂದು ನಿಂತಿತು. ಕಾಲು ಗಂಟೆಯ ದಾರಿ. ಗುತ್ತಿಗೆದಾರ ಅಲ್ಲಿನ ಮನೆಮನೆಗೆ ಸಾಮಾನು ಇಳಿಸಿದ. ಬೋರ್ಡಿನಿಂದ ಬಿಡಿಭಾಗಗಳನ್ನು ಬಿಡಿಸಿ, ವಿಂಗಡಿಸಿ, ಚೀಲ ಕಟ್ಟಿ ಕೊಡಿ, ಕೂಲಿ ಕೊಡುತ್ತೇನೆ ಎಂದ. ಮನೆಯಲ್ಲೇ ಕೂತು ಮಾಡುವ ಕೆಲಸ. ಹೆಂಗಸರು ಸಂತೋಷದಿಂದ ಒಪ್ಪಿಕೊಂಡರು.

ಇದು ಉಗ್ರಾಣದವನಿಗೆ ಗೊತ್ತಿರಲಿಲ್ಲ. ಇಲ್ಲಿಯವರೆಗಿನದಕ್ಕೆ ಅವನನ್ನು ಹೆಚ್ಚು ದೂರುವಂತಿಲ್ಲ.

ತಪಾಸಣೆ ಮುಗಿಯಿತು. ಬಂದವರು ಖಾಲಿ ಕೋಣೆಗಳನ್ನು ನೋಡಿ ಮೆಚ್ಚಿದರು. ಒಂದು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಉಗ್ರಾಣದವನು ಎಂದಿನಂತೆ ಫಕ್ಕೀರವ್ವ ಕೊಟ್ಟ ರೊಟ್ಟಿ ಮುರಿದ. ಅಂಚಿನಲ್ಲಿ ಏನೋ ಮಿನುಗಿತು. ಸಾಸಿವೆಯಷ್ಟು ಸಣ್ಣ ಗುಂಡು. ಬೆಳ್ಳಿಯ ಬಣ್ಣ. ಉಗುರಿನಿಂದ ಕಿತ್ತು ಅಂಗೈ ಮೇಲಿಟ್ಟುಕೊಂಡು ನೋಡಿದ. ಹರೆಯದಲ್ಲಿ ಅವನು ರೇಡಿಯೋ ರಿಪೇರಿ ಮಾಡುತ್ತಿದ್ದವನು. ಬೆಸುಗೆಯ ಹನಿ ಅವನಿಗೆ ಚೆನ್ನಾಗಿ ಗೊತ್ತು.

"ಫಕ್ಕೀರವ್ವ, ಹಂಚು ಹೊಸಾದು ತಂದೀಯೇನವಾ?" ಎಂದು ಕೇಳಿದ.

"ಹೊಸಾದೆಲ್ಲಿಂದ ಬರಬೇಕ್ರಿ? ಅದ ಹಂಚು. ಈಗ ಅದಕ ಎರಡು ಕೆಲಸ ನೋಡ್ರಿ. ಮುಂಜಾನಿ ರೊಟ್ಟಿ. ಆಮ್ಯಾಲ ನಮ್ಮ ಸೊಸಿ ಅದರ ಮ್ಯಾಲ ನಿಮ್ಮ ಕಂಪ್ಯೂಟರಿನ ಹಸರ ತಗಡು ಕಾಸತಾಳ. ಕಾದ ಕೂಡಲೇ ಬೀಜ ಬಿಟ್ಟಂಗ ಎಲ್ಲಾ ಬಿಟ್ಟಕೊಂಡು ಬೀಳತಾವು." ಅವಳು ನಕ್ಕಳು. "ಹುಲಿಗಿ ಮುಂದ ಕುಂತು ಆರಿಸಿ ಕೊಡತಾಳ. ನಮ್ಮ ಮನ್ಯಾಗ ಕಂಪ್ಯೂಟರ್ ಕಲತಾಕಿ ಆಕಿ ಒಬ್ಬಾಕಿನ."

ಉಗ್ರಾಣದವನ ಬಾಯಲ್ಲಿ ತುತ್ತು ಹಾಗೇ ಉಳಿಯಿತು.

"ಆಗ ಅವನು ಹೇಳಿದನೇ?" ಎಂದು ಶಿಷ್ಯ ಕೇಳಿದ.

ಗುರು ಅವನ ಮುಖ ನೋಡಿದರು. "ನೀನಾದರೆ ಹೇಳುತ್ತಿದ್ದೆ, ಅಲ್ಲವೇ?" ಎಂದರು. ಉತ್ತರಕ್ಕೆ ಕಾಯದೆ ಮುಂದುವರಿಸಿದರು.

ಹೇಳಬೇಕೆಂದೇ ಅವನು ಬಾಯಿ ತೆರೆದ. ಅಷ್ಟರಲ್ಲಿ ಆ ಎರಡನೆಯ ಕಾಗದ ನೆನಪಾಯಿತು. ಕಾರ್ಖಾನೆಗೆ ತಲುಪಿದೆ ಎಂದು ಅವನೇ ಸಹಿ ಹಾಕಿದ ಸಾಮಾನು ಹಿಂದಿನ ಓಣಿಯ ಒಲೆಯ ಮೇಲಿದೆ. ಇವಳಿಗೆ ಹೇಳಿದರೆ ಇವಳು ಓಣಿಗೆ ಹೇಳುತ್ತಾಳೆ. ಓಣಿಯವರು ಗುತ್ತಿಗೆದಾರನನ್ನು ಹಿಡಿಯುತ್ತಾರೆ. ಗುತ್ತಿಗೆದಾರ ಕಾಗದ ತೋರಿಸುತ್ತಾನೆ. ಇಪ್ಪತ್ತಾರು ವರ್ಷದ ಕೆಲಸ ಒಂದು ಸಹಿಯಲ್ಲಿ ಹೋಗುತ್ತದೆ. ಇಷ್ಟೂ ಒಂದು ತುತ್ತು ನುಂಗುವಷ್ಟರಲ್ಲಿ ಅವನ ತಲೆಯಲ್ಲಿ ಓಡಿತು.

ಅವನು ಆ ತುತ್ತನ್ನು ನುಂಗಲಿಲ್ಲ. ಹಿತ್ತಲಿಗೆ ಹೋಗಿ ಉಗುಳಿ, ಬಾಯಿ ತೊಳೆದುಕೊಂಡು ಬಂದ.

ನಾಳೆ ಹೇಗಾದರೂ ಉಪಾಯ ಮಾಡಿ ಹೇಳೋಣ ಎಂದುಕೊಂಡ. ಮರುದಿನ ಅವಳು ರೊಟ್ಟಿ ತಂದಳು. "ಬ್ಯಾಡವಾ, ಹೊಟ್ಟಿ ಸರಿಯಿಲ್ಲ. ಡಾಕ್ಟರು ಜ್ವಾಳ ಬಿಡು ಅಂದಾರ" ಎಂದ. ಅವಳು ಪಾಪ ಎಂದಳು. ಜೀರಿಗೆ ಕಷಾಯ ಮಾಡಿಕೊಂಡು ಬರಲೇ ಎಂದು ಕೇಳಿದಳು. ಅದನ್ನೂ ಬೇಡವೆಂದ.

ಒಂದು ವಾರದ ಮೇಲೆ ಅವಳು ಪೋಸ್ಟಿಗೆಂದು ಪೇಟೆಯ ಕಡೆ ಹೋಗಿದ್ದಳು. ಖಾನಾವಳಿಯ ಬಾಗಿಲಿನಿಂದ ಅವನು ಒಳಗೆ ಕೂತದ್ದು ಕಂಡಿತು. ಜೋಳದ ರೊಟ್ಟಿ ತಿನ್ನುತ್ತಿದ್ದ. ಅವನೂ ಅವಳನ್ನು ನೋಡಿದ. ಅವಳು ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು.

ಮರುದಿನ ಗುಡಿಸಿ ಮುಗಿಸಿದ ಮೇಲೆ, ಕಸಬರಿಗೆ ಕೈಯಲ್ಲಿ ಹಿಡಿದುಕೊಂಡೇ ಅವನ ಮೇಜಿನ ಮುಂದೆ ನಿಂತಳು. "ನೀವೂ ಅವರಂಗನ ಅನ್ರಿ" ಎಂದಳು. ಅಷ್ಟೇ ಹೇಳಿದಳು.

ಗುಮಾಸ್ತರಿಗೂ ವಿಷಯ ತಿಳಿಯಿತು. "ಅಂತೂ ಸ್ಟೋರಿನವರಿಗೆ ಬುದ್ಧಿ ಬಂತಪಾ. ಆರು ವರ್ಷ ಹಿಡೀತು" ಎಂದು ಒಬ್ಬ ಬೆನ್ನು ತಟ್ಟಿದ.  ಇದು ತಪ್ಪು ತಿಳುವಳಿಕೆ ಎಂದು ಉಗ್ರಾಣದವನು ಯಾರಿಗೂ ಹೇಳಲಿಲ್ಲ. ಅವಳಿಗೂ ಹೇಳಲಿಲ್ಲ. ಹೇಳಿದರೆ, ಮತ್ತೆ ಯಾಕೆ ರೊಟ್ಟಿ ಬಿಟ್ಟೆ ಎಂಬ ಪ್ರಶ್ನೆ ಬರುತ್ತಿತ್ತು. ಜನ ಅವನಿಗೆ ಒಂದು ಕಾರಣ ಹುಡುಕಿ ಕೊಟ್ಟಿದ್ದರು. ಅದು ಹೇಸಿಗೆಯ ಕಾರಣ. ಆದರೆ ಅದರ ಮರೆಯಲ್ಲಿ ನಿಲ್ಲಬಹುದಿತ್ತು.

ಆಮೇಲೆ ಫಕ್ಕೀರವ್ವ ಕೂಸನ್ನು ಕರೆತರುವುದನ್ನು ಬಿಟ್ಟಳು.

ಎರಡು ತಿಂಗಳು ಕಳೆದ ಮೇಲೆ ಒಂದು ಮುಂಜಾನೆ ಅವಳು ರಜೆ ಕೇಳಲು ಬಂದಳು. ಹಾಜರಿ ಪುಸ್ತಕ ಅವನ ಬಳಿಯೇ ಇರುತ್ತಿತ್ತು. ಅವಳು ಅವನ ಮುಖ ನೋಡದೆ ಹೇಳಿದಳು. "ಹುಲಿಗಿಗೆ ಆರಾಮಿಲ್ರಿ. ಉಂಡದ್ದು ನಿಲ್ಲವಲ್ಲದು. ಹೊಟ್ಟಿ ಹಿಡಕೊಂಡು ಅಳತೈತಿ. ಒಂದು, ಎರಡು ಅಂತಿತ್ತಲ್ರಿ, ಅದೂ ಮರತೈತಿ. ಅವ್ವಾ ಅನ್ನೂದೂ ಹೋಗೇತಿ. ನಿನ್ನೆ ಕಣ್ಣು ಮ್ಯಾಲ ಮಾಡಿ ಸೆಟದುಕೊಂಡ್ತು."

"ಡಾಕ್ಟರಿಗೆ ತೋರಿಸಿದೇನು?"

"ತೋರಿಸೀನ್ರಿ. ಮನ್ಯಾಗ ಬ್ಯಾಟರಿ ಗೀಟರಿ ಒಡೀತೀರೇನು, ಬಣ್ಣದ ಕೆಲಸ ಮಾಡತೀರೇನು ಅಂತ ಕೇಳಿದ್ರು. ಇಲ್ರೀ ಅಂದೆ. ನಮ್ಮ ಮನ್ಯಾಗ ಎಲ್ಲೈತಿ ಬ್ಯಾಟರಿ?" ಆಗ ಅವಳು ತಲೆ ಎತ್ತಿದಳು. "ಡಾಕ್ಟರು ಯಾಕ ಹಂಗ ಕೇಳಿದ್ರು ಸಾಹೇಬ್ರ? ನೀವು ಓದಿದಾವ್ರು."

ಬ್ಯಾಟರಿಯಲ್ಲೂ ಬಣ್ಣದಲ್ಲೂ ಇರುವುದು ಅದೇ ಸೀಸ. ಡಾಕ್ಟರ ಪ್ರಶ್ನೆಗೂ ಅವಳ ಪ್ರಶ್ನೆಗೂ ಉತ್ತರ ಗೊತ್ತಿದ್ದವನು ಆ ಊರಿನಲ್ಲಿ ಒಬ್ಬನೇ ಇದ್ದ. ಅವಳು ಅವನನ್ನೇ ಕೇಳಿದ್ದಳು.

"ಏನೋ ಗೊತ್ತಿಲ್ಲವಾ. ದೊಡ್ಡ ದವಾಖಾನಿಗೆ ಕರಕೊಂಡು ಹೋಗು" ಎಂದು ಅವನು ರಜೆ ಬರೆದುಕೊಂಡ. ಎರಡು ದಿನ ಕೇಳಿದ್ದಳು. ಅವನು ನಾಲ್ಕು ದಿನ ಕೊಟ್ಟ. ತಾನು ದಯೆ ತೋರಿಸಿದೆ ಎಂದು ಒಂದು ಗಳಿಗೆ ಅವನಿಗೆ ಅನ್ನಿಸಿತು.

ನಾಲ್ಕನೆಯ ದಿನ ಕೂಸು ತೀರಿಕೊಂಡಿತು. ಜ್ವರ ತಲೆಗೇರಿತ್ತು ಎಂದು ಓಣಿಯವರು ಮಾತಾಡಿಕೊಂಡರು.

 

ಉಗ್ರಾಣದವನಿಗೆ ಊಟ ಸೇರದಾಯಿತು. ಕಚೇರಿಯಲ್ಲಿ ಕೂತರೆ ಎದುರಿಗಿರುವ ಫ್ಯಾನುಗಳನ್ನು ನೋಡಲಾಗುತ್ತಿರಲಿಲ್ಲ. ಇನ್ನು ಆಗದು, ಕೆಲಸ ಹೋದರೆ ಹೋಗಲಿ, ಹೇಳಿಯೇ ಬಿಡುತ್ತೇನೆ ಎಂದು ನಿರ್ಧರಿಸಿದ. ಒಂಬತ್ತನೆಯ ದಿನ ಗೋಡೆಯನ್ನು ಸುತ್ತಿಕೊಂಡು ಹಿಂದಿನ ಓಣಿಗೆ ನಡೆದ. ಅದೇ ಕಾಲು ಗಂಟೆಯ ದಾರಿ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಂಡ. ಫಕ್ಕೀರವ್ವ, ನನಗೆ ಗೊತ್ತಿತ್ತು. ಅಷ್ಟೇ ಮಾತು. ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ.

ಅವಳು ಕಟ್ಟೆಯ ಮೇಲೆ ಕೂತಿದ್ದಳು. ಅವನನ್ನು ನೋಡಿ ಎದ್ದು ನಿಂತಳು. ಕಚೇರಿಯವರು ಯಾರೂ ಎಂದೂ ಆ ಓಣಿಗೆ ಕಾಲಿಟ್ಟಿರಲಿಲ್ಲ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡಿದರು.

"ಫಕ್ಕೀರವ್ವ, ನನ್ನಿಂದ ಒಂದು ತಪ್ಪಾಗೇತಿ" ಎಂದ.  "ಅದನ್ನ ಹೇಳಬೇಕಂತ ಬಂದೀನಿ."

"ಗೊತ್ತೈತ್ರಿ" ಎಂದಳು ಅವಳು.

ಅವನು ಮತ್ತೆ ಬಾಯಿ ತೆರೆಯುವ ಮೊದಲೇ ಅವಳು ಮುಂದುವರಿಸಿದಳು.

"ನಮ್ಮ ಕೈಯಾಂದು ಅಂತ ರೊಟ್ಟಿ ಬಿಟ್ಟಿದ್ರಿ. ಈಗ ಕೂಸು ಹೋದ ಮ್ಯಾಲ ಮನಸ್ಸಿಗೆ ಹತ್ತೇತಿ. ಅದಕ ಬಂದೀರಿ. ಹೌದಲ್ರಿ?"

ಅವನು ಅವಳ ಮುಖ ನೋಡಿದ. ಸುತ್ತ ನಿಂತವರನ್ನು ನೋಡಿದ. ಒಳಗೆ ಒಲೆಯ ಪಕ್ಕದಲ್ಲಿ ಸೊಸೆ ಕೂತಿದ್ದಳು. ಅವಳು ಮತ್ತೆ ಐದು ತಿಂಗಳ ಬಸುರಿಯಾಗಿದ್ದಳು.

"ಹೌದವಾ" ಎಂದ. "ತಪ್ಪಾತು."

ಫಕ್ಕೀರವ್ವ ಅತ್ತಳು. ಕೂಸು ಸತ್ತ ದಿನದಿಂದ ಅವಳು ಅತ್ತಿರಲಿಲ್ಲವಂತೆ. ಈಗ ಅತ್ತಳು. ಅತ್ತು ಮುಗಿಸಿ, "ಬಿಡ್ರಿ ಸಾಹೇಬ್ರ. ನನ್ನ ಮನಸ್ಸಿನ್ಯಾಗ ಏನೂ ಇಲ್ಲ. ಜಲ್ಮದಾಗ ನಮಗ ಯಾರು ತಪ್ಪಾತು ಅಂದಾರ್ರಿ? ನೀವೊಬ್ರು ಮನಿಮಟ ಬಂದು ಅಂದ್ರಿ" ಎಂದಳು. ನೆರೆಯ ಮುದುಕನೊಬ್ಬ ಉಗ್ರಾಣದವನಿಗೆ ಕೈಮುಗಿದ. ಸೊಸೆ ಎದ್ದು ಬಂದು ತಟ್ಟೆಯಲ್ಲಿ ರೊಟ್ಟಿ ಇಟ್ಟಳು. ಎಲ್ಲರೂ ನೋಡುತ್ತಿದ್ದರು. ಅವನು ತಿಂದ. ಒಂದು ಚೂರೂ ಬಿಡದೆ ತಿಂದ.

ಹೊರಡುವಾಗ ಸೊಸೆ ಮೆಲ್ಲಗೆ ಕೇಳಿದಳು. "ಹಿಂದಿನ ತಗಡು ಎಲ್ಲಾ ಮುಗದಾವ್ರಿ. ಇನ್ನೊಂದು ಲಾರಿ ಯಾವಾಗ ಬರತೈತ್ರಿ?"

"ಗೊತ್ತಿಲ್ಲವಾ" ಎಂದು ಅವನು ಬಂದುಬಿಟ್ಟ.

ಇಂದಿಗೂ ಆ ಓಣಿಯಲ್ಲಿ ಅವನ ಹೆಸರು ಹೇಳಿದರೆ ಜನ ಎದ್ದು ನಿಲ್ಲುತ್ತಾರೆ. ದೊಡ್ಡ ಮನುಷ್ಯ, ತಪ್ಪನ್ನು ಒಪ್ಪಿಕೊಳ್ಳುವ ಗುಣವುಳ್ಳವನು ಎನ್ನುತ್ತಾರೆ.

ಗುರು ಕತೆ ನಿಲ್ಲಿಸಿದರು.  ಶಿಷ್ಯ ತನಗೇ ಸಮಾಧಾನ ಹೇಳಿಕೊಳ್ಳುವವನ ಹಾಗೆ, "ಏನೇ ಆಗಲಿ, ಅವಳು ಕ್ಷಮಿಸಿದಳಲ್ಲ ಗುರುಗಳೇ?" ಎಂದ.

"ಕ್ಷಮಿಸಿದಳು," ಎಂದರು ಗುರು, "ಅವನು ಮಾಡದ ತಪ್ಪನ್ನು."